ಒಂಬತ್ತನೆಯ ಕಟ್ಟಳೆ ಮತ್ತು ಬೀರುವಿನೊಳಗಿನ ಗಂಡ

ಕೀಸ್ಲೋವ್ಸ್ಕಿಯ ‘ಡೆಕಲಾಗ್’ ಮಾಲಿಕೆಯ ಒಂಬತ್ತನೆಯ ಚಿತ್ರ: ಒಂದು ದೈವಶಾಸ್ತ್ರೀಯ ವಿಮರ್ಶೆ

ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ದೇವರ ಹತ್ತು ಕಟ್ಟಳೆಗಳನ್ನು ಬೋಧಿಸುತ್ತ ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಸಾಮಾನ್ಯವಾಗಿ ವರ್ಷದ ಪಾಠಗಳು ಮುಗಿಯುತ್ತ ಬಂದಿರುತ್ತವೆ. ಆರನೆಯ ಕಟ್ಟಳೆ ಕ್ರಿಯೆಯಲ್ಲಿ ನಿಷೇಧಿಸಿದ್ದನ್ನು ಒಂಬತ್ತನೆಯದು ಮನಸ್ಸಿನಲ್ಲಿ ನಿಷೇಧಿಸುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಹತ್ತನೆಯದಕ್ಕೆ ದಾಟುವುದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅನುಕೂಲಕರ. ನಾನೂ ಹಲವು ವರ್ಷ ಹಾಗೆಯೇ ಮಾಡಿದ್ದೇನೆ. ಪರಸತಿಯನ್ನು ಆಶಿಸಬಾರದೆಂಬ ಈ ಆಜ್ಞೆ ಮೂರನೆಯವನಿಗೆ, ಅಂದರೆ ದಾಂಪತ್ಯದ ಹೊರಗೆ ನಿಂತು ಒಳಕ್ಕೆ ಕಣ್ಣು ಹಾಕುವವನಿಗೆ, ಕೊಟ್ಟದ್ದೆಂಬ ವಿಷಯದಲ್ಲಿ ನಮಗೆ ಸಂದೇಹವೇ ಇರುವುದಿಲ್ಲ. ಆ ನಿಶ್ಚಿಂತೆಯನ್ನು ಕದಡುವ ಒಂದು ಚಲನಚಿತ್ರವನ್ನು ಇಲ್ಲಿ ಪರಾಮರ್ಶಿಸಬಯಸುತ್ತೇನೆ.

ಪೋಲೆಂಡಿನ ನಿರ್ದೇಶಕ ಕ್ರಿಸ್ಟೋಫ್ ಕೀಸ್ಲೋವ್ಸ್ಕಿ (1941–1996) ಅವರು ವಕೀಲರಾಗಿದ್ದ ಕ್ರಿಸ್ಟೋಫ್ ಪೀಸಿಯೇವಿಚ್ ಅವರೊಡನೆ ಚಿತ್ರಕಥೆ ರಚಿಸಿ, 1980ರ ದಶಕದ ಕೊನೆಯಲ್ಲಿ ಪೋಲೆಂಡಿನ ದೂರದರ್ಶನಕ್ಕಾಗಿ ‘ಡೆಕಲಾಗ್’ ಎಂಬ ಹತ್ತು ಚಿತ್ರಗಳ ಮಾಲಿಕೆಯನ್ನು ನಿರ್ಮಿಸಿದರು. ಪ್ರತಿಯೊಂದು ಚಿತ್ರವೂ ಸುಮಾರು ಒಂದು ಗಂಟೆಯದು. ವಾರ್ಸಾ ನಗರದ ಒಂದು ವಸತಿ ಸಮುಚ್ಚಯವೇ ಎಲ್ಲ ಕಥೆಗಳ ನೆಲೆ. ಸಿನಿಮಾ ಕಲೆಗೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ ಪ್ರಕಟಿಸಿದ 45 ಚಿತ್ರಗಳ ಪಟ್ಟಿಯಲ್ಲಿ ಈ ಮಾಲಿಕೆ ಸ್ಥಾನ ಪಡೆಯಿತು. ಅದೂ ‘ಧರ್ಮ’ದ ವಿಭಾಗದಲ್ಲಲ್ಲ, ‘ಮೌಲ್ಯಗಳ’ ವಿಭಾಗದಲ್ಲಿ. ಆ ವರ್ಗೀಕರಣ ಸರಿಯಾದುದೇ. ಈ ಚಿತ್ರಗಳು ಕಟ್ಟಳೆಗಳ ದೃಷ್ಟಾಂತಗಳಲ್ಲ. ಅವುಗಳಿಗೆ ಬರಿಯ ಸಂಖ್ಯೆಗಳಿವೆ. ಕಟ್ಟಳೆಯ ವಾಕ್ಯ ಎಲ್ಲಿಯೂ ಕಾಣಿಸುವುದಿಲ್ಲ. ಯಾರು, ಯಾವುದನ್ನು, ಎಲ್ಲಿ ಮೀರಿದರೆಂದು ಹುಡುಕುವ ಹೊಣೆ ನೋಡುವವನದು.

ಕಥೆ

ರೋಮಾನ್ ಹೃದಯದ ಶಸ್ತ್ರವೈದ್ಯ. ತನ್ನ ಲೈಂಗಿಕ ಅಸಾಮರ್ಥ್ಯಕ್ಕೆ ಚಿಕಿತ್ಸೆಯಿಲ್ಲವೆಂದು ವೈದ್ಯಮಿತ್ರನಿಂದ ತಿಳಿದು ಮನೆಗೆ ಬರುತ್ತಾನೆ. ಹೆಂಡತಿ ಹಾಂಕಾ ಡಚ್ ವಿಮಾನ ಸಂಸ್ಥೆಯ ಕಚೇರಿಯಲ್ಲಿ ಉದ್ಯೋಗಿ. ಅವನು ಅವಳಿಂದ ಏನನ್ನೂ ಮರೆಮಾಚದೆ ಹೇಳಿ, ನಿನಗೆ ಬೇರೊಬ್ಬರು ಬೇಕೆನಿಸಿದರೆ ನನ್ನ ಅಡ್ಡಿಯಿಲ್ಲ ಎನ್ನುತ್ತಾನೆ. ಪ್ರೀತಿ ಇರುವುದು ದೇಹದ ಆ ಒಂದು ಭಾಗದಲ್ಲಲ್ಲ, ಹೃದಯದಲ್ಲಿ ಎಂದು ಅವಳು ಉತ್ತರಿಸುತ್ತಾಳೆ. ಆ ಮಾತು ನಿಜವೇ. ಆದರೆ ಅದನ್ನು ಆಡುವಾಗಲೇ ಅವಳಿಗೆ ಮಾರಿಯೂಶ್ ಎಂಬ ಭೌತಶಾಸ್ತ್ರದ ವಿದ್ಯಾರ್ಥಿಯೊಡನೆ ಸಂಬಂಧವಿದೆ.

ಕಾರಿನಲ್ಲಿ ಸಿಕ್ಕ ಒಂದು ನೋಟುಪುಸ್ತಕದಿಂದ ರೋಮಾನನ ಸಂಶಯ ಮೊಳೆಯುತ್ತದೆ. ಅವನು ಮನೆಯ ದೂರವಾಣಿಯನ್ನು ಕದ್ದು ಕೇಳುವ ವ್ಯವಸ್ಥೆ ಮಾಡಿಕೊಳ್ಳುತ್ತಾನೆ. ಅತ್ತೆಯ ಖಾಲಿ ಮನೆಯೇ ಆ ಇಬ್ಬರ ಭೇಟಿಯ ಸ್ಥಳವೆಂದು ತಿಳಿದು ಅದರ ಕೀಲಿಗೆ ನಕಲು ಮಾಡಿಸುತ್ತಾನೆ. ಒಂದು ದಿನ ಆ ಮನೆಯ ಬೀರುವಿನೊಳಗೆ ಅಡಗಿ ಕುಳಿತಿರುವಾಗ, ಹಾಂಕಾ ಮಾರಿಯೂಶನೊಡನೆ ಸಂಬಂಧವನ್ನು ಕಡಿದುಕೊಳ್ಳುವುದನ್ನು ಕೇಳುತ್ತಾನೆ. ಅವನು ಹೋದ ಮೇಲೆ ಅವಳು ಗಂಡನನ್ನು ಬೀರುವಿನಲ್ಲಿ ಕಂಡುಹಿಡಿಯುತ್ತಾಳೆ. ಇಬ್ಬರೂ ಕುಸಿಯುತ್ತಾರೆ, ಆದರೂ ಒಂದಾಗುತ್ತಾರೆ. ಒಂದು ಮಗುವನ್ನು ದತ್ತು ತೆಗೆದುಕೊಳ್ಳುವ ಮಾತೂ ನಡೆಯುತ್ತದೆ.

ಕೆಲವು ದಿನ ದೂರವಿರುವುದು ಒಳಿತೆಂದು ಹಾಂಕಾ ಹಿಮಜಾರಾಟಕ್ಕಾಗಿ ಜಾಕೊಪಾನೆ ಎಂಬ ಬೆಟ್ಟದೂರಿಗೆ ತೆರಳುತ್ತಾಳೆ. ಮಾರಿಯೂಶ್ ತಾನಾಗಿ ಅವಳನ್ನು ಹಿಂಬಾಲಿಸುತ್ತಾನೆ. ಅವನು ಹಿಮಜಾರಾಟದ ಸಲಕರಣೆಗಳೊಡನೆ ಹೊರಟದ್ದನ್ನು ನೋಡಿದ ರೋಮಾನ್, ಎಲ್ಲವೂ ಮೊದಲಿನಂತೆಯೇ ನಡೆದಿದೆ ಎಂದು ತೀರ್ಮಾನಿಸುತ್ತಾನೆ. ಅಲ್ಲಿ ಮಾರಿಯೂಶನನ್ನು ಕಂಡ ಕ್ಷಣವೇ ಹಾಂಕಾ ಮನೆಗೆ ಧಾವಿಸುತ್ತಾಳೆ. ಇತ್ತ ರೋಮಾನ್ ಒಂದು ಪತ್ರ ಬರೆದಿಟ್ಟು, ಅರ್ಧಕ್ಕೆ ನಿಂತ ಸೇತುವೆಯೊಂದರ ತುದಿಯಿಂದ ಸೈಕಲ್ ಸಮೇತ ಕೆಳಗೆ ಬೀಳುತ್ತಾನೆ. ಅವನು ಸಾಯುವುದಿಲ್ಲ. ಹಾಂಕಾ ಪತ್ರ ಹಿಡಿದು ಕುಳಿತಿರುವಾಗ ಆಸ್ಪತ್ರೆಯಿಂದ ಅವನ ಕರೆ ಬರುತ್ತದೆ. ನೀನಿದ್ದೀಯಾ, ಇದ್ದೇನೆ ಎಂಬಷ್ಟರಲ್ಲಿ ಚಿತ್ರ ಮುಗಿಯುತ್ತದೆ.

ಹಕ್ಕಿನಿಂದ ಒಡಂಬಡಿಕೆಗೆ

ಈ ಕಥೆಯಲ್ಲಿ ಒಂಬತ್ತನೆಯ ಕಟ್ಟಳೆಯನ್ನು ಮೀರಿದವನು ಯಾರು? ಮಾರಿಯೂಶ್ ಎಂಬುದು ಸುಲಭದ ಉತ್ತರ. ಆದರೆ ಚಿತ್ರ ಅವನತ್ತ ಹೆಚ್ಚು ನೋಡುವುದೇ ಇಲ್ಲ. ಒಂದು ಗಂಟೆಯ ಬಹುಪಾಲು ಕ್ಯಾಮೆರಾ ಗಂಡನ ಮುಖದ ಮೇಲಿರುತ್ತದೆ. ನನ್ನ ಓದು ಇಷ್ಟು: ಇಲ್ಲಿ ಪರಸತಿಯನ್ನು ಆಶಿಸುವವನಿಗಿಂತ ತನ್ನ ಸತಿಯನ್ನೇ ಆಶಿಸುವವನು ಮುಖ್ಯ ಪಾತ್ರ. ಕಟ್ಟಳೆ ಯಾವ ಆಶೆಯನ್ನು ಕುರಿತು ಎಚ್ಚರಿಸುತ್ತದೆಯೋ ಆ ಆಶೆ ಮದುವೆಯ ಒಳಗೇ ಮನೆಮಾಡಬಲ್ಲದು.

ಇದು ಪದಗಳ ಆಟವಲ್ಲ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಈ ಆಜ್ಞೆ ಮನೆಯಿಂದ ಆರಂಭವಾಗುತ್ತದೆ. ಹೆಂಡತಿ ಮನೆಯ ನಂತರ, ದಾಸದಾಸಿಯರು, ಎತ್ತು, ಕತ್ತೆಗಳ ಸಾಲಿನಲ್ಲಿ ಬರುತ್ತಾಳೆ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಕ್ರಮ ಬದಲಾಗಿದೆ. ಅಲ್ಲಿ ಹೆಂಡತಿ ಮೊದಲು ಬರುತ್ತಾಳೆ. ಮನೆ, ಹೊಲಗಳ ಮಾತಿಗೆ ಹೀಬ್ರೂ ಮೂಲದಲ್ಲಿ ಬೇರೆಯೇ ಕ್ರಿಯಾಪದವಿದೆ. ಸಂತ ಅಗಸ್ಟೀನರನ್ನು ಅನುಸರಿಸಿ ನಮ್ಮ ಪರಂಪರೆ ಇವೆರಡನ್ನೂ ಎರಡು ಕಟ್ಟಳೆಗಳಾಗಿ ಎಣಿಸುತ್ತದೆ. ಹೆಂಡತಿ ಸೊತ್ತಿನ ಪಟ್ಟಿಯಿಂದ ಹೊರಬಂದು ವ್ಯಕ್ತಿಯಾಗಿ ನಿಲ್ಲುವ ಚಲನೆಯೊಂದು ಧರ್ಮಗ್ರಂಥದ ಒಳಗೇ ಆರಂಭವಾಗಿದೆ. ಒಂಬತ್ತು ಮತ್ತು ಹತ್ತರ ನಡುವಿನ ಗೆರೆ ಎಳೆದಿರುವುದೇ ಅವಳು ಸೊತ್ತಲ್ಲ ಎಂದು ಹೇಳುವುದಕ್ಕೆ ಎಂದು ನಾವು ಓದಬಹುದು. ಹಾಗಾದರೆ ಅವಳನ್ನು ಸೊತ್ತೆಂದು ಭಾವಿಸುವ ಯಾರೂ, ಆತ ಗಂಡನೇ ಆಗಿದ್ದರೂ, ಆ ಗೆರೆಯನ್ನು ಅಳಿಸುತ್ತಾನೆ.

ಧರ್ಮಸಭೆಯ ಕಾನೂನಿನಲ್ಲಿಯೂ ಇದೇ ಚಲನೆಯಿದೆ. 1917ರ ಸಂಹಿತೆಯ 1081ನೆಯ ವಿಧಿಯ ಪ್ರಕಾರ ವಿವಾಹದ ಸಮ್ಮತಿಯೆಂದರೆ ದೇಹದ ಮೇಲಿನ ಶಾಶ್ವತ ಹಾಗೂ ಅನನ್ಯ ಹಕ್ಕನ್ನು ಪರಸ್ಪರ ಕೊಟ್ಟು ಪಡೆಯುವುದು. ಎರಡನೆಯ ವ್ಯಾಟಿಕನ್ ಮಹಾಸಭೆ ವಿವಾಹವನ್ನು ಬಾಳು ಮತ್ತು ಪ್ರೀತಿಯ ಆಪ್ತ ಸಹಭಾಗಿತ್ವವೆಂದು ವಿವರಿಸಿತು. ಆ ಹಿನ್ನೆಲೆಯಲ್ಲಿ 1983ರ ಸಂಹಿತೆಯ 1057ನೆಯ ವಿಧಿ ಹಕ್ಕಿನ ಮಾತನ್ನು ಬಿಟ್ಟು, ಗಂಡುಹೆಣ್ಣು ಹಿಂತೆಗೆದುಕೊಳ್ಳಲಾಗದ ಒಡಂಬಡಿಕೆಯಲ್ಲಿ ತಮ್ಮನ್ನೇ ಪರಸ್ಪರ ಅರ್ಪಿಸಿಕೊಂಡು ಸ್ವೀಕರಿಸುತ್ತಾರೆ ಎಂದಿತು. ರೋಮಾನನ ದುರಂತವೆಂದರೆ ಅವನು ತನ್ನ ಮದುವೆಯನ್ನು ಹಳೆಯ ವಿಧಿಯ ಭಾಷೆಯಲ್ಲಿ ಮಾತ್ರ ಬಲ್ಲ. ಹಕ್ಕನ್ನು ಚಲಾಯಿಸಲಾರದವನಿಗೆ ಹಕ್ಕು ಉಳಿದೀತೇ ಎಂಬುದೇ ಅವನ ಪ್ರಶ್ನೆ. ವಿವಾಹಪೂರ್ವದ ಹಾಗೂ ಶಾಶ್ವತವಾದ ಅಸಾಮರ್ಥ್ಯ ಮಾತ್ರ ವಿವಾಹವನ್ನು ಅಸಿಂಧುಗೊಳಿಸುತ್ತದೆಂದು 1084ನೆಯ ವಿಧಿಯನ್ನು ಓದಿದ ಗುರುವಿದ್ಯಾರ್ಥಿಗಳು ಬಲ್ಲರು; ಮದುವೆಯ ನಂತರ ಬಂದದ್ದು ಬಂಧನವನ್ನು ಮುಟ್ಟದು. ಆದರೆ ಬಂಧನ ಉಳಿಯುತ್ತದೆ ಎಂಬ ಕಾನೂನಿನ ಉತ್ತರದಿಂದ ರೋಮಾನನಿಗೆ ಸಮಾಧಾನ ದೊರೆಯದು. ಆ ಬಂಧನ ಯಾವುದರದ್ದೆಂಬುದೇ ಅವನಿಗೆ ತಿಳಿದಿಲ್ಲ.

ಇದೇ ಬೆಳಕಿನಲ್ಲಿ ಅವನ ‘ಔದಾರ್ಯ’ವನ್ನೂ ನೋಡಬೇಕು. ಬೇರೊಬ್ಬನನ್ನು ಹುಡುಕಿಕೊ ಎಂಬ ಮಾತು ಮೇಲ್ನೋಟಕ್ಕೆ ತ್ಯಾಗದಂತೆ ಕೇಳಿಸುತ್ತದೆ. ಆದರೆ ತನ್ನದಲ್ಲದ್ದನ್ನು ಯಾರೂ ಬಿಟ್ಟುಕೊಡಲಾರರು. ಅನುಮತಿ ಕೊಡುವವನು ಒಡೆಯನೇ. ಕೆಲವೇ ದಿನಗಳಲ್ಲಿ ಅದೇ ಮನುಷ್ಯ ಕದ್ದು ಕೇಳುವವನಾಗುವುದು ಆಕಸ್ಮಿಕವಲ್ಲ. ಕೊಟ್ಟುಬಿಡುವುದೂ ಕಾವಲಿರುವುದೂ ಒಂದೇ ಒಡೆತನದ ಎರಡು ಮುಖಗಳು. ಹಾಂಕಾ ಅವನಿಗೆ ನೀಡಿದ ಉತ್ತರ ಈ ಒಡೆತನವನ್ನೇ ನಿರಾಕರಿಸಿತ್ತು. ಅವಳ ಬದುಕು ಆ ಉತ್ತರಕ್ಕೆ ತಕ್ಕಂತಿರಲಿಲ್ಲ ಎಂಬುದು ಬೇರೆ ಮಾತು.

ಸ್ವಂತ ಸತಿಯನ್ನು ಆಶಿಸುವುದು

1980ರ ಅಕ್ಟೋಬರ್ 8ರ ಬುಧವಾರ, ಜಗದ್ಗುರು ಎರಡನೆಯ ಜಾನ್ ಪಾಲರು ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯವನ್ನು ವಿವರಿಸುತ್ತ, ಮನುಷ್ಯನು ತನ್ನ ಸ್ವಂತ ಹೆಂಡತಿಯ ವಿಷಯದಲ್ಲಿಯೂ ಹೃದಯದಲ್ಲಿ ವ್ಯಭಿಚಾರ ಮಾಡಬಲ್ಲನೆಂದು ಬೋಧಿಸಿದರು. ಅವಳನ್ನು ಕೇವಲ ತನ್ನ ವಾಂಛೆಯನ್ನು ತಣಿಸುವ ವಸ್ತುವಾಗಿ ನೋಡಿದಾಗ ಹಾಗಾಗುತ್ತದೆ ಎಂಬುದು ಅವರ ವಾದ. ಪತ್ರಿಕೆಗಳಲ್ಲಿ ಅದು ಗದ್ದಲಕ್ಕೂ ಗೇಲಿಗೂ ಕಾರಣವಾಯಿತು. ಆ ಬೋಧನೆಯ ಕೇಂದ್ರವಿರುವುದು ನೋಟದಲ್ಲಿ. ಯೇಸುಸ್ವಾಮಿ ಖಂಡಿಸಿದ್ದು ಒಂದು ನೋಟವನ್ನು. ಆ ನೋಟ ಯಾರ ಹೆಂಡತಿಯ ಮೇಲೆ ಬಿದ್ದಿತೆಂಬುದಕ್ಕಿಂತ, ಅದು ವ್ಯಕ್ತಿಯನ್ನು ಏನನ್ನಾಗಿ ಮಾಡಿತೆಂಬುದು ಮುಖ್ಯ.

ಪೋಪರ ಬೋಧನೆಯ ನೆರೆಯಲ್ಲಿ ಈ ಚಿತ್ರವನ್ನು ಇಟ್ಟರೆ ಅದು ಆ ಬೋಧನೆಯನ್ನು ಒಂದು ಹೆಜ್ಜೆ ಮುಂದೊಯ್ಯುವುದು ಕಾಣುತ್ತದೆ. ರೋಮಾನನಲ್ಲಿ ದೈಹಿಕ ವಾಂಛೆಗೆ ಎಡೆಯೇ ಇಲ್ಲ. ವಾಂಛೆ ತೀರಿದ ಮೇಲೂ ವಸ್ತುವಾಗಿ ಕಾಣುವ ನೋಟ ತೀರುವುದಿಲ್ಲ. ಅವನು ಈಗ ಹೆಂಡತಿಯ ದೇಹದ ಬದಲಿಗೆ ಅವಳ ಗುಟ್ಟನ್ನು ವಶಪಡಿಸಿಕೊಳ್ಳಲು ಹೊರಟಿದ್ದಾನೆ. ಅವಳ ಮಾತು, ಕೀಲಿ, ಹೋಗಿಬರುವ ಹೊತ್ತು ಎಲ್ಲವೂ ಅವನಿಗೆ ಬೇಕು. ತಿಳಿಯಬೇಕೆಂಬ ಈ ಹಸಿವು ಕಾಮದಷ್ಟೇ ಪ್ರಬಲವಾದ ಆಶೆ. ನಮ್ಮ ಪಾಪಪರಿಶೋಧನೆಯ ಪ್ರಶ್ನಾವಳಿಗಳಲ್ಲಿ ಅದಕ್ಕೆ ಹೆಸರಿಲ್ಲ.

ಓಲಾ ಎಂಬ ತರುಣಿಯ ಉಪಕಥೆಯೂ ಇದೇ ನೂಲಿಗೆ ಸೇರಿದ್ದು. ಅವಳು ಹಾಡುಗಾರ್ತಿ, ರೋಮಾನನ ರೋಗಿ. ದುರ್ಬಲ ಹೃದಯದಿಂದಾಗಿ ಶಸ್ತ್ರಚಿಕಿತ್ಸೆಯಿಲ್ಲದೆ ಅವಳು ಹಾಡಲಾಗದು. ಅವಳು ದೊಡ್ಡ ಗಾಯಕಿಯಾಗಬೇಕೆಂಬುದು ತಾಯಿಯ ಹಂಬಲ. ಅವಳಿಗಾದರೋ ಬದುಕಿದ್ದರೆ ಸಾಕು. ತನ್ನವರನ್ನು ತನ್ನ ಆಶೆಯ ಅಚ್ಚಿಗೆ ಸುರಿಯುವುದು ದಾಂಪತ್ಯಕ್ಕೆ ಮಾತ್ರ ಸೀಮಿತವಾದ ಪಾಪವಲ್ಲ ಎಂಬುದನ್ನು ಚಿತ್ರ ಗದ್ದಲವಿಲ್ಲದೆ ಸೂಚಿಸುತ್ತದೆ. ಓಲಾಳ ಗಾಯನಕ್ಕೆ ಸಂಗೀತ ನೀಡಿದ ಪ್ರೈಸ್ನರ್ ಮತ್ತು ನಿರ್ದೇಶಕರು ಅದರ ಕರ್ತೃವೆಂದು ಒಬ್ಬ ಡಚ್ ಸಂಯೋಜಕನನ್ನು ಕಲ್ಪಿಸಿಕೊಂಡಿದ್ದರು.

ಸಾಕ್ಷ್ಯ ಮತ್ತು ನಂಬಿಕೆ

ಚಿತ್ರದ ಅತ್ಯಂತ ಗಂಭೀರವಾದ ಚಿಂತನೆ ಬೀರುವಿನ ದೃಶ್ಯದಲ್ಲಿದೆ. ಸಂಶಯಪಡುವ ಪ್ರತಿಯೊಬ್ಬ ಗಂಡನೂ ಬಯಸುವ ಸಾಕ್ಷ್ಯ ರೋಮಾನನಿಗೆ ಅಲ್ಲಿ ದೊರೆಯುತ್ತದೆ. ಯಾರೂ ಕೇಳುತ್ತಿಲ್ಲವೆಂದು ನಂಬಿ ಹೆಂಡತಿ ತನ್ನ ಪ್ರಿಯಕರನನ್ನು ಹೊರಗೆ ಕಳುಹಿಸುವುದನ್ನು ಅವನು ಕಿವಿಯಾರೆ ಕೇಳುತ್ತಾನೆ. ಇದಕ್ಕಿಂತ ದೃಢವಾದ ಪುರಾವೆ ಇರಲಾರದು. ಆದರೂ ಆ ಪುರಾವೆಯ ಬಲ ಕೆಲವೇ ದಿನಗಳದ್ದು. ಹಿಮಜಾರಾಟಕ್ಕೆ ಹೊರಟ ಒಬ್ಬ ಯುವಕನ ನೋಟ ಅದನ್ನು ಪೂರ್ತಿ ಅಳಿಸಿಹಾಕುತ್ತದೆ. ರೋಮಾನನ ಕಣ್ಣಿಗೆ ಬಿದ್ದದ್ದು ಸುಳ್ಳಲ್ಲ. ಮಾರಿಯೂಶ್ ಹೋದದ್ದು ಅವಳಿದ್ದಲ್ಲಿಗೇ. ಸುಳ್ಳಾದದ್ದು ಅವನು ಅದಕ್ಕೆ ಕೊಟ್ಟ ಅರ್ಥ.

ನಂಬಿಕೆ ಸಾಕ್ಷ್ಯಗಳ ಮೊತ್ತವಲ್ಲ ಎಂದು ಮೂಲಭೂತ ದೈವಶಾಸ್ತ್ರದಲ್ಲಿ ನಾವು ಕಲಿಸುತ್ತೇವೆ. ವಿಶ್ವಾಸಕ್ಕೆ ಕಾರಣಗಳುಂಟು, ಆದರೆ ಕಾರಣಗಳನ್ನು ಕೂಡಿಸಿದರೆ ವಿಶ್ವಾಸ ಬರುವುದಿಲ್ಲ. ಅದು ಒಬ್ಬರಿಗೆ ತನ್ನನ್ನು ಒಪ್ಪಿಸಿಕೊಳ್ಳುವ ಕ್ರಿಯೆ. ದೇವರ ವಿಷಯದಲ್ಲಿ ಹೇಳುವ ಈ ಮಾತನ್ನು ದಾಂಪತ್ಯದ ವಿಷಯದಲ್ಲಿ ನಾವು ಮರೆಯುತ್ತೇವೆ. ಜಗದ್ಗುರು ಫ್ರಾನ್ಸಿಸರು 2016ರ ‘ಪ್ರೀತಿಯ ಆನಂದ’ ಎಂಬ ಪ್ರಬೋಧನ ಪತ್ರದಲ್ಲಿ, ಸಂತ ಪೌಲರ ಪ್ರೀತಿಯ ಸ್ತುತಿಯನ್ನು ವಿವರಿಸುತ್ತ, ನಂಬುವ ಪ್ರೀತಿಗೆ ಇನ್ನೊಬ್ಬರ ಹೆಜ್ಜೆಹೆಜ್ಜೆಯನ್ನೂ ಹಿಂಬಾಲಿಸುವ ಅಗತ್ಯವಿಲ್ಲವೆಂದು ವಿವರಿಸಿದ್ದಾರೆ. ಹಿಡಿತ ಸಡಿಲಿಸುವುದೇ ನಂಬಿಕೆಯ ರೂಪ. ರೋಮಾನ್ ಒಮ್ಮೆಯೂ ಹಿಡಿತ ಸಡಿಲಿಸಲಿಲ್ಲ. ಸಾವಿನ ಪತ್ರ ಕೂಡ ಕೊನೆಯ ಮಾತು ತನ್ನದೇ ಆಗಿರಬೇಕೆಂಬ ಹಟದ ಇನ್ನೊಂದು ರೂಪ.

ಎರಡು ಆಕ್ಷೇಪಗಳು

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಮೊದಲನೆಯದು ಸಂತ ಪೌಲರದೇ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ ಹೆಂಡತಿಯ ದೇಹದ ಮೇಲೆ ಅಧಿಕಾರ ಗಂಡನದೆಂದು ಅವರು ಹೇಳುತ್ತಾರಲ್ಲವೇ? ಹೌದು, ಆದರೆ ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಅಧಿಕಾರ ಹೆಂಡತಿಯದೆಂದೂ ಹೇಳುತ್ತಾರೆ. ಇಬ್ಬರೂ ಒಡೆಯರಾದಲ್ಲಿ ಒಡೆತನದ ಅರ್ಥವೇ ಬದಲಾಗುತ್ತದೆ. ಪೌಲರ ಮಾತು ಕಾವಲಿಗೆ ಸನ್ನದಲ್ಲ. ತನ್ನ ದೇಹ ತನ್ನದು ಮಾತ್ರವಲ್ಲವೆಂಬ ಅರ್ಪಣೆಯ ನೆನಪು.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಗಂಡನ ಸಂಶಯವನ್ನು ಇಷ್ಟು ಜರೆದರೆ ಹೆಂಡತಿಯ ವ್ಯಭಿಚಾರ ಹಗುರವಾಗುವುದಿಲ್ಲವೇ? ಆಗಬಾರದು. ಹಾಂಕಾ ಗಂಡನಿಗೆ ಸುಳ್ಳು ಹೇಳಿದ್ದಾಳೆ. ಅವನು ಅತ್ಯಂತ ಮುರಿದ ಹೊತ್ತಿನಲ್ಲಿ ದ್ರೋಹ ಬಗೆದಿದ್ದಾಳೆ. ಅದು ಘೋರ ಪಾಪ. ಈ ವಿಷಯದಲ್ಲಿ ಚಿತ್ರದ ಕೊರತೆಯನ್ನೂ ಒಪ್ಪಿಕೊಳ್ಳಬೇಕು. ನಾವು ಹಾಂಕಾಳನ್ನು ಹೆಚ್ಚಾಗಿ ರೋಮಾನ್ ಇಣುಕುವ ಸಂದಿಯಿಂದಲೇ ನೋಡುತ್ತೇವೆ. ಅವಳು ಮಾರಿಯೂಶನ ಬಳಿಗೆ ಏಕೆ ಹೋದಳು, ಅವನನ್ನು ಬಿಡುವ ನಿರ್ಧಾರಕ್ಕೆ ಹೇಗೆ ಬಂದಳು ಎಂಬುದು ನಮಗೆ ಸಾಕಷ್ಟು ತಿಳಿಯುವುದಿಲ್ಲ. ಅವಳ ಪಶ್ಚಾತ್ತಾಪದ ಒಳದಾರಿ ಚಿತ್ರದಲ್ಲಿಲ್ಲ. ಇಣುಕುವುದನ್ನು ಪ್ರಶ್ನಿಸುವ ಚಿತ್ರವೇ ಇಣುಕುವವನ ಕಣ್ಣನ್ನು ಎರವಲು ಪಡೆದಿರುವುದು ಅದರ ಮಿತಿ. ಆದರೂ ಒಂದು ವ್ಯತ್ಯಾಸ ಸ್ಪಷ್ಟವಾಗಿದೆ. ಹಾಂಕಾಳ ಪಾಪಕ್ಕೆ ಹೆಸರಿತ್ತು. ಅದಕ್ಕೇ ಅವಳು ಅದನ್ನು ಕಂಡು ಬಿಟ್ಟುಬಂದಳು. ರೋಮಾನನ ಪಾಪಕ್ಕೆ ಹೆಸರಿರಲಿಲ್ಲ; ಅದಕ್ಕೇ ಅದು ಅವನನ್ನು ಸೇತುವೆಯ ತುದಿಯವರೆಗೆ ಕೊಂಡೊಯ್ದಿತು.

ಮುಳ್ಳಿನ ಬೇಲಿ

ವಂಚನೆಗೊಳಗಾದ ಗಂಡನ ಕಥೆಯನ್ನು ಧರ್ಮಗ್ರಂಥದಲ್ಲಿ ದೇವರೇ ತನ್ನ ಕಥೆಯಾಗಿ ಹೇಳಿಕೊಂಡಿರುವುದು ಹೋಶೇಯನ ಗ್ರಂಥದಲ್ಲಿ. ಅದರ 2ನೆಯ ಅಧ್ಯಾಯದಲ್ಲಿ ದೇವರು ಮೊದಲು ತನ್ನ ಜನರೆಂಬ ಹೆಂಡತಿಯ ದಾರಿಗೆ ಮುಳ್ಳಿನ ಬೇಲಿ ಹಾಕಿ, ಗೋಡೆ ಕಟ್ಟುವ ಮಾತಾಡುತ್ತಾರೆ. ಕೊನೆಗೆ ಅವಳನ್ನು ಒಲಿಸಿಕೊಳ್ಳುವುದು ಬೇಲಿಯಿಂದಲ್ಲ; ಅರಣ್ಯಕ್ಕೆ ಕರೆದೊಯ್ದು ಅವಳ ಹೃದಯದೊಡನೆ ಮಾತನಾಡುವ ಮೂಲಕ. ಆ ಮಾತುಕತೆಯ ಫಲವೂ ಗಮನಾರ್ಹ. ಅಂದಿನಿಂದ ಅವಳು ತನ್ನನ್ನು ‘ಬಾಳ್’ ಎಂದು, ಅಂದರೆ ಒಡೆಯನೆಂದು ಕರೆಯದೆ, ಗಂಡನೆಂದು ಕರೆಯುವಳು ಎನ್ನುತ್ತಾರೆ. ಗಂಡನನ್ನು ‘ಯಜಮಾನರು’ ಎನ್ನುವ ರೂಢಿಯಿರುವ ನಮ್ಮ ನಾಡಿನಲ್ಲಿ ಈ ವಚನದ ಮೇಲೆ ಪ್ರಬೋಧನೆ ಮಾಡಲು ಬೇರೆ ಪೀಠಿಕೆ ಬೇಕಿಲ್ಲ. ದೇವರೇ ತ್ಯಜಿಸಿದ ಪದವಿಯನ್ನು ಮನುಷ್ಯರು ಬಿಡಲೊಲ್ಲೆವು.

ಹಿಂದೆ ಧರ್ಮಕೇಂದ್ರವೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ಒಬ್ಬರು ತಮ್ಮ ಪತ್ನಿಯ ಮೊಬೈಲ್ ಕರೆಗಳ ಪಟ್ಟಿ ಹಿಡಿದು ಗುರುನಿವಾಸಕ್ಕೆ ಬಂದಿದ್ದರು. ಕೆಲವು ಸಂಖ್ಯೆಗಳ ಕೆಳಗೆ ಗೆರೆ ಎಳೆದಿತ್ತು. “ಫಾದರ್, ನೀವೇ ನೋಡಿ, ಆಮೇಲೆ ಹೇಳಿ” ಎಂದರು. ನಾನು ನೋಡಿದೆ. ನ್ಯಾಯಾಧೀಶನಂತೆ ದಿನಾಂಕಗಳನ್ನೂ ನಿಮಿಷಗಳನ್ನೂ ಓದಿದೆ. ಮರುದಿನ ಆ ತಾಯಿಯನ್ನು ಕರೆಸಿ ವಿಚಾರಿಸಿದೆ. ಸಂಶಯ ನಿಜವಾಗಿತ್ತೇ ಎಂಬುದು ಈಗ ಇಲ್ಲಿ ಅಪ್ರಸ್ತುತ. ಅವರೊಡನೆ ಕುಳಿತು ನೀವು ಕೊನೆಯ ಬಾರಿ ಮನಸ್ಸು ಬಿಚ್ಚಿ ಮಾತನಾಡಿದ್ದು ಯಾವಾಗ ಎಂದು ಆ ಮನುಷ್ಯನನ್ನು ನಾನು ಕೇಳಲಿಲ್ಲ. ಈ ಪಟ್ಟಿ ನಿಮಗೆ ಹೇಗೆ ಸಿಕ್ಕಿತೆಂದೂ ಕೇಳಲಿಲ್ಲ. ವರ್ಷಗಳ ನಂತರ ಈ ಚಿತ್ರ ನೋಡುವಾಗ, ಅಂದು ನಾನೂ ಅವರೊಡನೆ ಬೀರುವಿನೊಳಗೆ ಹೊಕ್ಕಿದ್ದೆನೆಂದು ಮನಗಂಡೆ.

ವ್ಯಭಿಚಾರ ಮಾಡಿದ ಸಂಗಾತಿಗೆ ಕ್ಷಮೆಯನ್ನು ನಿರಾಕರಿಸಬಾರದೆಂದು 1152ನೆಯ ವಿಧಿ ನಿರ್ದೋಷಿ ಸಂಗಾತಿಗೆ ಮನಃಪೂರ್ವಕವಾಗಿ ಶಿಫಾರಸು ಮಾಡುತ್ತದೆ, ಆದೇಶಿಸುವುದಿಲ್ಲ. ಆ ಸೂಕ್ಷ್ಮ ನಮಗೆ ಪಾಠವಾಗಬೇಕು. ಕ್ಷಮಿಸಿಬಿಡಿ ಎಂಬ ಒಂದು ಮಾತಿನಲ್ಲಿ ಮುಗಿಸುವ ಆಪ್ತಸಮಾಲೋಚನೆ ಬೀರುವಿನ ಬಾಗಿಲನ್ನು ಮುಚ್ಚಿಯೇ ಇಡುತ್ತದೆ. ದ್ರೋಹ ಮಾಡಿದವರಿಂದ ಪಶ್ಚಾತ್ತಾಪವನ್ನು ಕೇಳುವಂತೆಯೇ, ದ್ರೋಹಕ್ಕೊಳಗಾದವರ ಕೈಯಲ್ಲಿರುವ ನಕಲಿ ಕೀಲಿಯನ್ನೂ ಮೆಲ್ಲನೆ ಕೇಳಿ ಪಡೆಯಬೇಕು. ಇನ್ನು ಮುಂದೆ ಒಂಬತ್ತನೆಯ ಕಟ್ಟಳೆಗೆ ತರಗತಿಯಲ್ಲಿ ಪೂರ್ಣ ಒಂದು ವಾರವನ್ನು ಮೀಸಲಿಡಲು ನಿರ್ಧರಿಸಿದ್ದೇನೆ. ಆ ವಾರ ಈ ಚಿತ್ರವನ್ನೂ ತೋರಿಸುವೆ.

ಕೊನೆಯ ದೃಶ್ಯದಲ್ಲಿ ಮತ್ತೆ ಅದೇ ದೂರವಾಣಿ ಮೊಳಗುತ್ತದೆ. ರೋಮಾನ್ ಅದರಲ್ಲಿ ಬಹಳ ದಿನ ಕೇಳಿಸಿಕೊಂಡಿದ್ದ, ಮಾತನಾಡಿರಲಿಲ್ಲ. ಈಗ ಗಾಯಗೊಂಡು ಮಲಗಿದವನು ಎಲ್ಲಿಗೆ ಹೋಗಿದ್ದೆ, ಯಾರೊಡನಿದ್ದೆ ಎಂದು ಕೇಳುವುದಿಲ್ಲ. ಅವಳೂ ವಿವರಣೆ ಕೊಡುವುದಿಲ್ಲ. ಅಬ್ರಹಾಮನೂ ಸಮುವೇಲನೂ ದೇವರ ಕರೆಗೆ ಕೊಟ್ಟ ಉತ್ತರ ಇದ್ದೇನೆ ಎಂಬಷ್ಟೇ. ಆ ದಂಪತಿಗಳ ನಡುವೆಯೂ ಉಳಿದದ್ದು ಅಷ್ಟೇ. ಅವರ ಮದುವೆ ಅಲ್ಲಿಂದ ಮುಂದೆ ಹೇಗೆ ಸಾಗಿತೆಂದು ಚಿತ್ರ ಹೇಳುವುದಿಲ್ಲ. ಆದರೆ ಅದು ಮೊದಲ ಬಾರಿಗೆ ಹಕ್ಕಿನ ಮೇಲಲ್ಲದೆ ಒಡಂಬಡಿಕೆಯ ಮೇಲೆ ನಿಂತಿದೆ.